ಕೋಡಂಗಿಯ ನುಡಿ, ಅರಸನ ನುಡಿ: ದಿನಬಳಕೆಯ ಮಾತು ರಂಗವೇರುವ ಬಗೆ



ಸಂತೆಯಿಂದ ಮನೆಗೆ ಮರಳಿದ ಗೃಹಿಣಿಯೊಬ್ಬಳು, ತಾನು ಅಲ್ಲಿ ಕಣ್ಣಾರೆ ಕಂಡ ಜಗಳವೊಂದನ್ನು ನೆರೆಮನೆಯವಳಿಗೆ ನಿರೂಪಿಸುವ ಕ್ರಮವನ್ನು ತಾವೆಲ್ಲರೂ ಬಲ್ಲಿರಿ. ‘ಅವ್ನು ಇಂಗಂದ, ಇವ್ಳು ಸುಮ್ನಿರ್ತಾಳಾ, ನೀನ್ಯಾವನೋ ಕೇಳಾಕೆ ಅಂದ್ಲು’ ಎಂದು ಆಕೆ ಹೇಳುವಾಗ, ಜಗಳವಾಡಿದ ಇಬ್ಬರ ಕಂಠಗಳೂ, ಅವರ ಸಿಟ್ಟೂ, ಕೈ ಬೀಸಿದ ರೀತಿಯೂ ಒಂದರ ಹಿಂದೊಂದಾಗಿ ಆಕೆಯ ದೇಹದಲ್ಲಿಯೇ ಬಂದು ನಿಲ್ಲುತ್ತವೆ. ಇದು ಆಕೆಯೊಬ್ಬಳ ಪ್ರತಿಭೆಯಿಂದ ಆದುದೆಂದು ನಾನು ಭಾವಿಸುವುದಿಲ್ಲ. ಕನ್ನಡದ ವಾಕ್ಯರಚನೆಯೇ ಇದಕ್ಕೆ ಆಸ್ಪದವನ್ನು ಕೊಟ್ಟಿದೆ. ಪರರ ಮಾತನ್ನು ಹೇಳುವಾಗ ನಮ್ಮ ಆಡುನುಡಿಯು ಅದನ್ನು ಕರಗಿಸಿ ಪರೋಕ್ಷವಾಗಿ ಮಾಡುವುದಿಲ್ಲ; ಆಡಿದವನ ‘ನಾನು’ ಎಂಬುದನ್ನು ‘ನಾನು’ ಎಂದೇ ಉಳಿಸಿ, ಕೊನೆಯಲ್ಲಿ ‘ಅಂದ’ ಎಂಬ ಒಂದು ಕ್ರಿಯಾಪದವನ್ನಿಟ್ಟು ಸುಮ್ಮನಾಗುತ್ತದೆ. ‘ತಾನು ಬರುವುದಾಗಿ ತಿಳಿಸಿದನು’ ಎಂಬುದು ಕಚೇರಿಯ ಕಾಗದಕ್ಕೂ ವಾರ್ತಾಪತ್ರಿಕೆಗೂ ಸಲ್ಲುವ ಕನ್ನಡ. ‘ಬತ್ತೀನಿ ಅಂದ’ ಎಂಬುದು ಜಗಲಿಯ ಕನ್ನಡ. ಮೊದಲನೆಯದರಲ್ಲಿ ವರದಿಗಾರನಿದ್ದಾನೆ, ಎರಡನೆಯದರಲ್ಲಿ ನಟನಿದ್ದಾನೆ. ಹೀಗಿರುವಲ್ಲಿ, ದಿನಬಳಕೆಯ ಸಂಭಾಷಣೆಯನ್ನು ನಾಟಕವಾಗಿಸುವುದು ಹೇಗೆಂಬ ಪ್ರಶ್ನೆಯನ್ನು ಎತ್ತಿಕೊಳ್ಳುವ ಕನ್ನಡಿಗನು, ಆ ಕಾರ್ಯದ ಅರ್ಧಭಾಗವನ್ನು ತನ್ನ ಭಾಷೆಯು ತನಗಿಂತ ಮುಂಚೆಯೇ ನೆರವೇರಿಸಿರುವುದನ್ನು ಮೊದಲು ಕೃತಜ್ಞತೆಯಿಂದ ನೆನೆಯಬೇಕು.

ಉಳಿದ ಅರ್ಧಭಾಗವೇ ಈ ಉಪನ್ಯಾಸದ ವಿಷಯ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಈ ಸೀಮೆಯಲ್ಲಿ ಆಡುವ ನುಡಿಯು ರಂಗಭೂಮಿಗೆ ಅಪರಿಚಿತವಾಗಿಯೇನೂ ಇಲ್ಲ; ಆದರೆ ಅದಕ್ಕೆ ರಂಗದ ಮೇಲೆ ದೊರೆತ ಸ್ಥಾನ ಯಾವುದೆಂಬುದನ್ನು ವಿಚಾರಿಸಿದರೆ, ಬಹುಕಾಲ ಅದು ನಗಿಸುವವನ ಸ್ಥಾನವಾಗಿದ್ದಿತೆಂದು ಒಪ್ಪಬೇಕಾಗುತ್ತದೆ. ಈ ನುಡಿಗೆ ನಗಿಸುವ ಶಕ್ತಿಯಿರುವಷ್ಟೇ ಆಳುವ ಶಕ್ತಿಯೂ, ಅಳುವ ಶಕ್ತಿಯೂ, ತತ್ತ್ವವನ್ನು ಹೇಳುವ ಶಕ್ತಿಯೂ ಉಂಟೆಂಬುದು ನನ್ನ ಪ್ರತಿಜ್ಞೆ.

ನಮ್ಮ ಪ್ರಾಚೀನ ನಾಟ್ಯಶಾಸ್ತ್ರವು ಈ ವಿಷಯದಲ್ಲಿ ಎರಡು ಪದಗಳನ್ನು ನಮಗೆ ಕೊಟ್ಟಿದೆ. ಲೋಕದಲ್ಲಿ ಜನರು ಸಹಜವಾಗಿ ವರ್ತಿಸುವ ಹಾಗೆ ರಂಗದಲ್ಲಿ ವರ್ತಿಸುವುದು ಲೋಕಧರ್ಮಿ. ಕಲೆಯ ನಿಯಮಕ್ಕೆ ಒಳಪಡಿಸಿ, ಸಂಸ್ಕರಿಸಿ, ವಿಶೇಷಗೊಳಿಸಿ ತೋರಿಸುವುದು ನಾಟ್ಯಧರ್ಮಿ. ಇವೆರಡನ್ನೂ ಪರಸ್ಪರ ವಿರೋಧಿಗಳೆಂದು ತಿಳಿಯುವುದು ಇತ್ತೀಚಿನ ರೂಢಿ. ಆದರೆ ಶಾಸ್ತ್ರವನ್ನು ಸಮಾಧಾನದಿಂದ ಪರಿಶೀಲಿಸಿದವನಿಗೆ, ಪಕ್ಕದಲ್ಲಿಯೇ ನಿಂತವನಿಗೆ ಕೇಳಿಸದೆಂದು ಭಾವಿಸಿ ಸಾವಿರ ಜನಕ್ಕೆ ಕೇಳುವಂತೆ ಆಡುವ ಸ್ವಗತ, ಒಬ್ಬನಿಗೆ ಮರೆಮಾಡಿ ಇನ್ನೊಬ್ಬನಿಗೆ ಹೇಳುವ ಜನಾಂತಿಕ, ಎದುರಿಗಿಲ್ಲದವನೊಡನೆ ಮಾತಾಡುವ ಆಕಾಶಭಾಷಿತ ಇವೆಲ್ಲವೂ ನಾವು ಮನೆಯಲ್ಲಿಯೂ ಬೀದಿಯಲ್ಲಿಯೂ ಪ್ರತಿದಿನ ಮಾಡುವ ಕೆಲಸಗಳ ಶಾಸ್ತ್ರೀಯ ನಾಮಧೇಯಗಳೆಂದು ಹೊಳೆಯದಿರದು. ಭಾಣವೆಂಬ ರೂಪಕದಲ್ಲಿ ಒಬ್ಬನೇ ನಟನು ಕಾಣದ ಜನರ ಮಾತನ್ನು ಕೇಳಿದಂತೆ ನಟಿಸಿ, ‘ಏನೆಂದೆ?’ ಎಂದು ತಾನೇ ಪ್ರಶ್ನಿಸಿ ತಾನೇ ಉತ್ತರಿಸುತ್ತಾನೆ. ಇಂದು ಹೊಳಲ್ಕೆರೆಯ ಬಸ್ಸಿನಲ್ಲಿ ಕಿವಿಗೆ ಮೊಬೈಲು ಹಿಡಿದು ಮಗಳ ಬಾಣಂತನದ ಖರ್ಚನ್ನು ಕುರಿತು ಅಳಿಯನೊಡನೆ ಮಾತಾಡುವ ತಂದೆಯ ಪಕ್ಕದಲ್ಲಿ ಕುಳಿತವರು ಕೇಳುವುದೂ ಒಂದು ಭಾಣವನ್ನೇ. ಅಳಿಯನು ಏನೆಂದನೆಂಬುದನ್ನು ಆ ತಂದೆಯ ಮೌನದ ಉದ್ದದಿಂದಲೇ ನಾವು ಊಹಿಸುತ್ತೇವೆ.

ಆದರೆ ಅದೇ ಶಾಸ್ತ್ರವು ಮಾತುಗಳಿಗೆ ತಾರತಮ್ಯವನ್ನೂ ವಿಧಿಸಿತು. ಅರಸನಿಗೂ ಬ್ರಾಹ್ಮಣನಿಗೂ ಸಂಸ್ಕೃತ. ಸ್ತ್ರೀಯರಿಗೂ ಸೇವಕರಿಗೂ ಪ್ರಾಕೃತಗಳು. ಕಾಳಿದಾಸನ ಶಾಕುಂತಲದಲ್ಲಿ ಉಂಗುರವನ್ನು ಕಂಡ ಬೆಸ್ತನೂ ಅವನನ್ನು ಹಿಡಿದ ಕಾವಲುಗಾರರೂ ಆಡುವ ಪ್ರಾಕೃತದ ಪ್ರವೇಶಕವು ಆ ನಾಟಕದ ಅತ್ಯಂತ ಜೀವಂತ ಸಂಭಾಷಣೆಗಳಲ್ಲಿ ಒಂದು. ಆದರೂ ಅದು ಮುಗಿದೊಡನೆ ನಾಟಕವು ಅರಸನ ನುಡಿಗೆ ಹಿಂದಿರುಗುತ್ತದೆ. ನಮ್ಮ ಬಯಲುಸೀಮೆಯ ಮೂಡಲಪಾಯದಲ್ಲಿಯೂ ದೊಡ್ಡಾಟದಲ್ಲಿಯೂ ಇದೇ ವ್ಯವಸ್ಥೆಯು ಕನ್ನಡದೊಳಗೇ ನೆಲೆಗೊಂಡಿದೆ. ಕಿರೀಟ ಭುಜಕೀರ್ತಿಗಳನ್ನು ಧರಿಸಿ ಬಂದ ವೇಷವು ತನ್ನ ಹೆಸರು, ಪಟ್ಟಣ, ಪರಾಕ್ರಮಗಳನ್ನು ಸಮಾಸಭೂಯಿಷ್ಠವಾದ ಗ್ರಾಂಥಿಕ ಗದ್ಯದಲ್ಲಿ ಘೋಷಿಸುತ್ತದೆ. ಅದನ್ನು ಮಾತನಾಡಿಸುವ ಕೋಡಂಗಿಯೋ ಸಾರಥಿಯೋ ಎದುರಿಗೆ ಕುಳಿತ ಊರವರ ಮಾತಿನಲ್ಲಿಯೇ ಪ್ರಶ್ನೆ ಹಾಕುತ್ತಾನೆ. ಓದುಬರೆಹವಿಲ್ಲದ ರೈತನೊಬ್ಬನು ರಾತ್ರಿಯಿಡೀ ಆ ಪ್ರೌಢಗದ್ಯವನ್ನು ಒಂದಕ್ಷರ ತಪ್ಪದೆ ಉಚ್ಚರಿಸುವ ಸಾಧನೆಯನ್ನು ನಾನು ಲಘುವಾಗಿ ಕಾಣಲಾರೆ. ಅವನು ವರ್ಷದ ಒಂದು ರಾತ್ರಿ ಅರಸನಾದುದು ಆ ಭಾಷೆಯ ಬಲದಿಂದಲೇ. ಆದರೂ ಬೆಳಗಾದ ಮೇಲೆ ಜನರ ನಾಲಗೆಯ ಮೇಲೆ ಉಳಿಯುವುದು ಕೋಡಂಗಿಯ ಮಾತು. ಅದಕ್ಕೆ ಬರೆದ ಪ್ರಸಂಗವಿಲ್ಲ, ಪ್ರತಿ ಊರಿನಲ್ಲಿಯೂ ಆ ಊರಿನ ಸಮಾಚಾರವನ್ನು ಹಿಡಿದು ಅದು ಹೊಸದಾಗಿ ಹುಟ್ಟುತ್ತದೆ. ನಮ್ಮ ದಿನದ ಮಾತು ರಂಗವೇರಿದ್ದು ಈ ಬಾಗಿಲಿನಿಂದ. ಹಾಗಾಗಿಯೇ ಇಂದಿಗೂ ನಾಟಕದಲ್ಲಿ ಯಾರಾದರೂ ‘ಐತೆ’ ಎಂದರೆ ಸಭೆಯು ನಗಲು ಸಿದ್ಧವಾಗುತ್ತದೆ. ಆ ನಗುವು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯವೆಂದು ನನಗೆ ತೋರುತ್ತದೆ.

ಈ ತಾರತಮ್ಯವನ್ನು ಮುರಿದ ಒಂದು ಮಹಾಪ್ರಯತ್ನವು ಕನ್ನಡದಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ನಡೆದುಹೋಗಿದೆ. ಮಡಿವಾಳನೂ ಅಂಬಿಗನೂ ಕಟ್ಟಿಗೆ ಮಾರುವವನೂ ತಮ್ಮ ಕಸುಬಿನ ಮಾತಿನಲ್ಲಿಯೇ ಪರಮಾರ್ಥವನ್ನು ನುಡಿದರು. ವಚನವೆಂಬ ಹೆಸರೇ ಮಾತು ಎಂದು ಅರ್ಥಕೊಡುತ್ತದೆ. ಪ್ರತಿ ವಚನಕ್ಕೂ ಕೇಳುವವನೊಬ್ಬನಿದ್ದಾನೆ. ಅಂಕಿತದಲ್ಲಿ ಕರೆಸಿಕೊಳ್ಳುವ ದೈವವು ಎದುರಿಗೆ ಕುಳಿತ ಆಪ್ತನಂತೆ ಸಂಬೋಧನೆಗೆ ಒಳಗಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಈ ಬಿಡಿಮಾತುಗಳನ್ನು ಒಟ್ಟುಗೂಡಿಸಿ, ಯಾವುದಕ್ಕೆ ಯಾವುದು ಉತ್ತರವಾದೀತೆಂದು ಆಲೋಚಿಸಿ, ಶೂನ್ಯಸಂಪಾದನೆಯೆಂಬ ಗ್ರಂಥದಲ್ಲಿ ಅವುಗಳನ್ನು ಎದುರುಬದುರಾಗಿ ನಿಲ್ಲಿಸಿದನು. ಬಳಿಕ ಬಂದ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇವರು ಆ ಕಾರ್ಯವನ್ನು ಮುಂದುವರಿಸಿದರು. ಬೇರೆಬೇರೆ ಸಂದರ್ಭಗಳಲ್ಲಿ ಆಡಿದ ಮಾತುಗಳನ್ನು ಆಯ್ದು, ಜೋಡಿಸಿ, ನಡುವೆ ಕೆಲವೇ ಸಾಲಿನ ಗದ್ಯವನ್ನಿಟ್ಟು ಪ್ರಸಂಗವನ್ನು ಸೃಷ್ಟಿಸುವ ಈ ಕ್ರಮವನ್ನು ನಾಟಕಕಾರನ ಕ್ರಮವೆನ್ನದೆ ಮತ್ತೇನೆನ್ನಬೇಕು? ಅದರಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತೇನೆ. ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಅವನು ತಂದ ಅಕ್ಕಿಯು ನಿತ್ಯದ ಅಳತೆಗಿಂತ ಹೆಚ್ಚಾಗಿರುವುದನ್ನು ಕಂಡ ಮಡದಿ ಲಕ್ಕಮ್ಮನು, ಅದನ್ನು ಇದ್ದಲ್ಲಿಗೆ ಸುರಿದುಬರುವಂತೆ ಗಂಡನಿಗೆ ಹೇಳುತ್ತಾಳೆ. ಒಲೆಯ ಮುಂದೆ ಗಂಡಹೆಂಡಿರ ನಡುವೆ ಧಾನ್ಯದ ಅಳತೆಯನ್ನು ಕುರಿತು ನಡೆದ ಮಾತು ಇದು. ಯಾವ ಮನೆಯಲ್ಲಿ ಇಂತಹ ಮಾತು ನಡೆಯುವುದಿಲ್ಲ? ಹೆಚ್ಚೆಂಬುದಕ್ಕೆ ಬದಲು ಕಡಮೆಯೆಂಬ ದೂರು ಇರುತ್ತದೆ, ಅಷ್ಟೆ. ಆ ಒಂದು ವ್ಯತ್ಯಾಸದಿಂದ ಅಡಿಗೆಮನೆಯ ಸಂಭಾಷಣೆಯು ಆಸೆಯನ್ನು ಕುರಿತ ಶಾಸ್ತ್ರಾರ್ಥವಾಯಿತು, ಮತ್ತು ಹಾಗಾಗುವುದಕ್ಕೆ ಲಕ್ಕಮ್ಮನು ತನ್ನ ಭಾಷೆಯನ್ನು ಬದಲಿಸಿಕೊಳ್ಳಬೇಕಾಗಲಿಲ್ಲ.

ಆಧುನಿಕ ಕಾಲಕ್ಕೆ ಬಂದರೆ, 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ರಚಿಸಿ, ಕನ್ಯಾವಿಕ್ರಯದ ಅನಾಚಾರವನ್ನು ಹವ್ಯಕರ ಮನೆಮಾತಿನಲ್ಲಿಯೇ ಬಯಲಿಗೆಳೆದರು. ಟಿ. ಪಿ. ಕೈಲಾಸಂ ಅವರು ಮೈಸೂರು ಬೆಂಗಳೂರುಗಳ ಪೇಟೆಯ ಮನೆಗಳಲ್ಲಿ ಇಂಗ್ಲಿಷು ಬೆರೆತು ಹರಿಯುತ್ತಿದ್ದ ಮಾತನ್ನು ಹಾಗೆಯೇ ರಂಗಕ್ಕೆ ತಂದರು. ಅವರು ನಾಟಕಗಳನ್ನು ಕುಳಿತು ಬರೆಯುವುದಕ್ಕಿಂತ ಬಾಯಲ್ಲಿ ಆಡಿ ಸ್ನೇಹಿತರಿಂದ ಬರೆಯಿಸುತ್ತಿದ್ದರೆಂಬುದು ನಮ್ಮ ವಿಷಯಕ್ಕೆ ಬಹಳ ಹತ್ತಿರದ ಸಂಗತಿ. ಧಾರವಾಡದ ಕಡೆಯ ನುಡಿಗೆ ಶ್ರೀರಂಗರು ವಿಚಾರದ ತೀಕ್ಷ್ಣತೆಯನ್ನು ಕೊಟ್ಟರು. ಅಲ್ಲಿಂದ ಮುಂದೆ ದೇವನೂರ ಮಹಾದೇವರ ‘ಒಡಲಾಳ’ವು ರಂಗಕ್ಕೆ ಬಂದು, ಉಮಾಶ್ರೀಯವರು ಸಾಕವ್ವನಾಗಿ ನಿಂತಾಗ, ಮೈಸೂರು ಸೀಮೆಯ ದಲಿತ ಕೇರಿಯ ಮಾತು ಯಾರ ಅನುಮತಿಯನ್ನೂ ಬೇಡದೆ ದುರಂತದ ಘನತೆಯನ್ನು ಪಡೆಯಿತು. ಹೀಗೆ ಹವ್ಯಕರ ನುಡಿ, ಪೇಟೆಯ ನುಡಿ, ಧಾರವಾಡದ ನುಡಿ, ಮೈಸೂರಿನ ನುಡಿ ಒಂದೊಂದೂ ತನ್ನ ರಂಗವನ್ನು ಕಂಡುಕೊಂಡಿತು.

ದುರ್ಗದ ಸೀಮೆಯಲ್ಲಿ ಈ ಕಾರ್ಯವನ್ನು ಆರಂಭಿಸಿದವರಲ್ಲಿ ವೇದಾವತಿಯ ದಡದ ಬೆಳಗೆರೆಯ ಕೃಷ್ಣಶಾಸ್ತ್ರಿಗಳನ್ನು ಮೊದಲು ನೆನೆಯುತ್ತೇನೆ. ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದ ಅವರು ‘ಹಳ್ಳಿ ಚಿತ್ರ’, ‘ಹಳ್ಳಿ ಮೇಷ್ಟ್ರು’ ಎಂಬ ನಾಟಕಗಳನ್ನು ಬರೆದರು. ಆದರೆ ಅವರ ಕಿವಿಯ ಸೂಕ್ಷ್ಮತೆಯು ಪೂರ್ಣವಾಗಿ ಪ್ರಕಟವಾದುದು ನಾಟಕವಲ್ಲದ ಒಂದು ಗ್ರಂಥದಲ್ಲಿ. ಮುಕುಂದೂರು ಸ್ವಾಮಿಗಳ ಸಹವಾಸವನ್ನು ಚಿತ್ರಿಸುವ ‘ಯೇಗ್ದಾಗೆಲ್ಲಾ ಐತೆ’ ಎಂಬ ಆ ಕೃತಿಯ ಶೀರ್ಷಿಕೆಯಲ್ಲಿಯೇ ಯೋಗವೆಂಬ ಘನವಾದ ತತ್ಸಮವು ಹಳ್ಳಿಗನ ಬಾಯಲ್ಲಿ ಪಳಗಿ ‘ಯೇಗ’ವಾಗಿದೆ. ಆ ಸಾಧುವಿನ ಮಾತನ್ನು ಶಿಷ್ಟಭಾಷೆಗೆ ತಿದ್ದಿ ಬರೆದಿದ್ದರೆ ಒಂದು ವೇದಾಂತಪ್ರಬಂಧ ದೊರೆಯುತ್ತಿತ್ತು. ತಿದ್ದದೆ ಬರೆದುದರಿಂದ ಒಬ್ಬ ಮನುಷ್ಯ ದೊರೆತನು. ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು ಸಾಹಿತ್ಯರಚನೆಗೆ ‘ತಿರುಕ’ನೆಂಬ ಹೆಸರನ್ನು ತಳೆದು, ಆತ್ಮಕಥೆಗೆ ‘ಜೋಳಿಗೆಯ ಪವಾಡ’ವೆಂದು ಹೆಸರಿಟ್ಟುದನ್ನೂ ಇದೇ ಸಾಲಿನಲ್ಲಿ ಎಣಿಸುತ್ತೇನೆ, ಬೀದಿಯ ಬೈಗುಳವಾಗಿದ್ದ ಒಂದು ಮಾತು ಅವರಿಂದ ಗೌರವದ ಬಿರುದಾಯಿತು.

ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು ಶರಣರ ಬಾಳನ್ನು ಕುರಿತು ತಾವೇ ನಾಟಕಗಳನ್ನು ರಚಿಸಿ ಆಡಿಸಿದರು. ಅವರ ಹೆಸರಿನಲ್ಲಿ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು, 1997ರಲ್ಲಿ ಆರಂಭವಾದ ‘ಶಿವಸಂಚಾರ’ವು ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ನಾಡನ್ನು ಸುತ್ತುತ್ತದೆ, ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ನವೆಂಬರಿನ ನಾಟಕೋತ್ಸವವು ನಡೆಯುತ್ತದೆ. ಈ ಸಂಗತಿಗಳು ಸುಪ್ರಸಿದ್ಧವಾಗಿವೆ. ನಾನು ಒತ್ತಿ ಹೇಳಬಯಸುವುದು 2019ರ ಆಗಸ್ಟ್ ತಿಂಗಳ ‘ಮತ್ತೆ ಕಲ್ಯಾಣ’ ಎಂಬ ಅಭಿಯಾನದ ವಿನ್ಯಾಸವನ್ನು. ಆ ತಿಂಗಳು ಜಿಲ್ಲೆಯಿಂದ ಜಿಲ್ಲೆಗೆ ಸಾಗಿದ ಆ ಅಭಿಯಾನದಲ್ಲಿ ಹಗಲು ವಿದ್ಯಾರ್ಥಿಗಳೊಡನೆ ಸಂವಾದವೂ, ಸಂಜೆ ಸಾರ್ವಜನಿಕ ಸಭೆಯೂ, ಅದರ ಬಳಿಕ ‘ಮೋಳಿಗೆ ಮಾರಯ್ಯ’ ನಾಟಕವೂ ನಡೆದವು. ಹಗಲಿನ ಪ್ರಶ್ನೋತ್ತರವು ಒಂದು ಆವರಣದಲ್ಲಿ, ರಾತ್ರಿಯ ಸಂಭಾಷಣೆಯು ಮತ್ತೊಂದು ಆವರಣದಲ್ಲಿ. ಆದರೆ ಕೇಳುವ ಜನರು ಅದೇ ದಿನದ ಮಾತಿನ ಕಾವನ್ನು ಹೊತ್ತು ರಂಗದ ಮುಂದೆ ಬಂದು ಕುಳಿತರು. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ಬಾಳಿದನೆಂಬುದು ಮಾರಯ್ಯನನ್ನು ಕುರಿತ ಐತಿಹ್ಯ. ಕಿರೀಟವನ್ನು ಇಳಿಸಿ ಹೊರೆಯನ್ನು ಹೊತ್ತವನ ಬಾಯಿಗೆ ಯಾವ ಕನ್ನಡವನ್ನು ಕೊಡಬೇಕು ಎಂಬ ಪ್ರಶ್ನೆಯೊಳಗೆ ನನ್ನ ಇಂದಿನ ವಿಷಯವೆಲ್ಲವೂ ಅಡಗಿದೆ.

ಇನ್ನು ಕಲೆಗಾರಿಕೆಯ ವಿಚಾರ. ಆಡಿದ ಮಾತನ್ನು ಯಥಾವತ್ತಾಗಿ ಬರೆದುಕೊಂಡರೆ ನಾಟಕವಾಗುವುದೆಂಬ ನಂಬಿಕೆಯು ಇಂದಿನ ಯುವಕರಲ್ಲಿ ಬಲವಾಗಿದೆ. ಧ್ವನಿಮುದ್ರಣದ ಸೌಲಭ್ಯವು ಅದನ್ನು ಇನ್ನಷ್ಟು ಬಲಪಡಿಸಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಸದುರ್ಗದ ಕಡೆಯ ಒಂದು ತೆಂಗಿನ ತೋಟದ ಅಂಚಿನಲ್ಲಿ ಇಬ್ಬರು ಬೀಗರು ಕುಳಿತಿದ್ದಾರೆ.

‘ಮಳೆ ಹೆಂಗೈತೆ ಬೀಗ್ರೇ ನಿಮ್ ಕಡೆ?’

‘ಎಲ್ಲೀ ಮಳೆ. ಮೋಡ ಆಗ್ತೈತೆ, ಗಾಳಿ ಬತ್ತೈತೆ, ಹೋಗ್ತೈತೆ.’

‘ನಮ್ ಕಡೇನೂ ಅಂಗೇ ಆಗೈತೆ. ತೆಂಗು?’

‘ಅದಾವೆ. ಉಳ್ದಿರವು ಅದಾವೆ.’

ಇಷ್ಟೇ ಆದರೆ ಇದು ಮಳೆಯ ಮಾತು. ಬರಗಾಲಕ್ಕೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ದಿನಕ್ಕೆ ನೂರು ಕಡೆ ನಡೆಯುವಂಥದು. ಆದರೆ ಮೊದಲನೆಯವನು ಕೊಳವೆಬಾವಿ ಕೊರೆಸಲು ಎರಡನೆಯವನಿಗೆ ಹಣ ಕೊಟ್ಟಿದ್ದಾನೆಂದೂ, ಕೊಟ್ಟವನ ಮಗಳು ಪಡೆದವನ ಮನೆಯ ಸೊಸೆಯೆಂದೂ, ಬಾವಿಯಲ್ಲಿ ನೀರು ಬೀಳಲಿಲ್ಲವೆಂದೂ ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ, ಮೇಲಿನ ನಾಲ್ಕು ಮಾತುಗಳಲ್ಲಿ ಒಂದಕ್ಷರವನ್ನೂ ಬದಲಿಸದೆ ಅದು ನಾಟಕವಾಗುತ್ತದೆ. ‘ತೆಂಗು?’ ಎಂಬ ಒಂದು ಪದವು ಸಾಲದ ತಗಾದೆಯಾಗುತ್ತದೆ. ‘ಉಳ್ದಿರವು ಅದಾವೆ’ ಎಂಬುದು ಅವಮಾನವನ್ನು ನುಂಗಿದ ಗಂಡಸಿನ ಉತ್ತರವಾಗುತ್ತದೆ. ಹಣದ ಮಾತನ್ನು ಬಾಯಿಬಿಟ್ಟು ಆಡಿದರೆ ಮಗಳ ಬಾಳಿಗೆ ಕೇಡೆಂಬ ಭಯವು ಇಬ್ಬರ ನಡುವೆ ಮೂರನೆಯ ಪಾತ್ರವಾಗಿ ಬಂದು ಕೂರುತ್ತದೆ. ಆದುದರಿಂದ ನಾಟಕಕಾರನ ಮುಖ್ಯ ಕೆಲಸವಿರುವುದು ಮಾತಿನ ಹಿಂದಿನ ಸ್ಥಿತಿಯನ್ನು ಕಟ್ಟುವುದರಲ್ಲಿ. ಸ್ಥಿತಿಯು ಸರಿಯಾದಾಗ ಮಾತು ತಾನಾಗಿಯೇ ಮಿತವಾಗುತ್ತದೆ. ದನದ ಜಾತ್ರೆಯಲ್ಲಿ ವ್ಯಾಪಾರಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತ, ಬಾಯಲ್ಲಿ ಮಾತ್ರ ಎತ್ತಿನ ಹಲ್ಲನ್ನೋ ಸುಳಿಯನ್ನೋ ಕುರಿತು ಮಾತಾಡುವುದನ್ನು ಕಂಡವರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ. ಉತ್ತಮ ಸಂಭಾಷಣೆಯಲ್ಲಿ ಬೆರಳುಗಳ ಬೆಲೆ ಒಂದು, ಬಾಯಿಯ ಮಾತು ಮತ್ತೊಂದು.

ಕನ್ನಡದ ನಾಟಕಕಾರನಿಗೆ ಸಂಬೋಧನೆಯೆಂಬ ಇನ್ನೊಂದು ಅಮೂಲ್ಯ ಸಾಧನವುಂಟು. ‘ಗೌಡ್ರೇ’ ಎನ್ನುತ್ತಿದ್ದವನು ಒಂದು ದಿನ ‘ಏನಪ್ಪಾ’ ಎಂದರೆ ಊರಿನ ವ್ಯವಸ್ಥೆಯೇ ಅಲುಗಾಡಿದಂತೆ. ‘ನೀವು’ ‘ನೀನು’ ಆಗುವ ಕ್ಷಣ, ಮಠದ ಸ್ವಾಮಿಗಳನ್ನು ‘ಬುದ್ಧೀ’ ಎಂದು ಕರೆಯುವ ಮುದುಕಿಯ ಪಕ್ಕದಲ್ಲಿ ಅವಳ ಓದಿದ ಮೊಮ್ಮಗನು ಯಾವ ಸಂಬೋಧನೆಯೂ ಇಲ್ಲದೆ ಮಾತು ಆರಂಭಿಸುವ ಕ್ಷಣ, ಇವುಗಳಲ್ಲಿ ಖಡ್ಗವನ್ನು ಒರೆಯಿಂದ ಸೆಳೆದಷ್ಟು ಕ್ರಿಯೆಯಿದೆ. ಇದನ್ನು ಬಲ್ಲ ನಟನಿಗೆ ಗಟ್ಟಿಯಾಗಿ ಕೂಗುವ ಅಗತ್ಯ ಬೀಳುವುದಿಲ್ಲ.

ಜನರು ಆಡಿದ ಮಾತನ್ನೇ ಆಧಾರವಾಗಿಟ್ಟುಕೊಂಡು ಗೆದ್ದ ಪ್ರಯೋಗಗಳೂ ಉಂಟು. ಇಂಗ್ಲೆಂಡಿನ ಸ್ಟೋಕ್ ಆನ್ ಟ್ರೆಂಟ್ ಎಂಬ ಕುಂಬಾರಿಕೆಯ ಊರಿನಲ್ಲಿ ಪೀಟರ್ ಚೀಸ್‌ಮನ್ ಎಂಬ ನಿರ್ದೇಶಕರು 1960ರ ದಶಕದಲ್ಲಿ ಸ್ಥಳೀಯ ಜನರ ನೆನಪುಗಳನ್ನು ಧ್ವನಿಮುದ್ರಿಸಿ, ಆ ಊರಿನ ರೈಲ್ವೆಯ ಇತಿಹಾಸದಂತಹ ವಿಷಯಗಳನ್ನು ಅವರ ಮಾತಿನಲ್ಲಿಯೇ ರಂಗಕ್ಕೆ ತಂದರು. ಅಮೆರಿಕದ ಅನಾ ಡೆವಿಯರ್ ಸ್ಮಿತ್ ಎಂಬ ನಟಿಯು, 1991ರಲ್ಲಿ ನ್ಯೂಯಾರ್ಕಿನ ಒಂದು ಬಡಾವಣೆಯಲ್ಲಿ ನಡೆದ ಗಲಭೆಯ ತರುವಾಯ ಎರಡೂ ಪಕ್ಷದವರನ್ನು ಕಂಡು ಮಾತಾಡಿಸಿ, ಅವರ ಉಸಿರು ತಡವರಿಕೆಗಳ ಸಹಿತವಾಗಿ ಆ ಮಾತುಗಳನ್ನು ತಾನೊಬ್ಬಳೇ ಅಭಿನಯಿಸಿದಳು. ಸಂತೆಯಿಂದ ಬಂದ ನಮ್ಮ ಗೃಹಿಣಿಯ ವಿದ್ಯೆಯೇ ಅಲ್ಲಿ ಮಹಾಕಲೆಯಾಗಿ ಬೆಳೆಯಿತು. ಇಂತಹ ಕಾರ್ಯಕ್ಕೆ ಒಂದು ಋಣವೂ ಅಂಟಿಕೊಂಡಿದೆ. ಮಾತು ಆಡಿದವರ ಸೊತ್ತು. ನಂಬಿಕೆಯಿಂದ ಒಲೆಯ ಮುಂದೆ ಆಡಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಊರ ಮುಂದೆ ಆಡಿ ತೋರಿಸುವವನು ಕಲಾವಿದನೆನಿಸಿಕೊಳ್ಳಲಾರನು. ಒಪ್ಪಿಗೆ ಪಡೆದ ಮೇಲೂ, ಮೊದಲ ಪ್ರದರ್ಶನವನ್ನು ಅವರ ಮುಂದೆಯೇ ಮಾಡುವ ಧೈರ್ಯ ಅವನಿಗಿರಬೇಕು. ತಮ್ಮ ಮಾತಿಗೆ ಸಭೆಯು ಯಾವಾಗ ನಕ್ಕಿತು, ಏಕೆ ನಕ್ಕಿತು ಎಂಬುದನ್ನು ಅವರು ಕೂಡಲೇ ಗ್ರಹಿಸುತ್ತಾರೆ.

ನಮ್ಮ ಸೀಮೆಯ ಮಾತು ಒಂದೇ ಬಗೆಯದೆಂದು ಯಾರೂ ಭಾವಿಸಬಾರದು. ದಾವಣಗೆರೆಯ ದಿಕ್ಕಿಗೆ ಸರಿದಂತೆ ಉತ್ತರದ ರೂಪಗಳು ಕೇಳಿಬರುತ್ತವೆ. ಹಿರಿಯೂರಿನ ಪೂರ್ವಕ್ಕೆ ಆಂಧ್ರದ ಗಡಿಯ ಹಳ್ಳಿಗಳಲ್ಲಿ ತೆಲುಗು ಕನ್ನಡಗಳು ಒಂದೇ ಅಂಗಳದಲ್ಲಿ ಓಡಾಡುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ತವರಿನವರೊಡನೆ ತೆಲುಗಿನಲ್ಲಿ ಅತ್ತು, ಮಗುವಿಗೆ ಕನ್ನಡದಲ್ಲಿ ಲಾಲಿ ಹಾಡುವ ತಾಯಿಯನ್ನು ರಂಗಕ್ಕೆ ತರುವವನು, ಸಭೆಗೆ ಅರ್ಥವಾಗಲೆಂದು ಅವಳ ಅಳುವನ್ನೂ ಕನ್ನಡಕ್ಕೆ ತಿರುಗಿಸಿದರೆ, ಅವಳು ಯಾರ ಮುಂದೆ ಮಾತ್ರ ಅಳಬಲ್ಲಳೆಂಬ ಸತ್ಯವನ್ನು ಕಳೆದುಕೊಳ್ಳುತ್ತಾನೆ.

ಕೊನೆಯದಾಗಿ ಚಿತ್ರದುರ್ಗದ ಕೋಟೆಯ ವಿಷಯ. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತ ನಾಟಕಗಳಲ್ಲಿ ಮದಕರಿನಾಯಕನು ಬಹುಮಟ್ಟಿಗೆ ಕಂಪೆನಿ ನಾಟಕದ ಅರಸನಂತೆಯೇ ಗರ್ಜಿಸಿದ್ದಾನೆ. ಬೇಡರ ಕುಲದ ಆ ನಾಯಕನು ತನ್ನ ತಾಯಿಯೊಡನೆ, ತನ್ನ ಕುದುರೆಯಾಳಿನೊಡನೆ ಹೇಗೆ ಮಾತಾಡಿರಬಹುದೆಂದು ಊಹಿಸಿ ಬರೆಯುವ ನಾಟಕಕ್ಕಾಗಿ ನಾನು ಕಾದಿದ್ದೇನೆ. ಓಬವ್ವನ ಪ್ರಸಂಗವಂತೂ ದಿನಬಳಕೆಯ ಸಂಭಾಷಣೆಯಿಂದಲೇ ಆರಂಭವಾಗುವ ಕಥೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲಿನ ಮುದ್ದಹನುಮನು ಊಟಕ್ಕೆ ಮನೆಗೆ ಬಂದನೆಂದೂ, ಕುಡಿಯಲು ನೀರಿಲ್ಲದಿರಲು ಮಡದಿಯು ಕೊಡ ಹಿಡಿದು ಹೊಂಡದ ಕಡೆಗೆ ಹೋದಳೆಂದೂ, ಅಲ್ಲಿ ಕಿಂಡಿಯ ಬಳಿ ಶತ್ರುಗಳ ಸದ್ದನ್ನು ಕೇಳಿದಳೆಂದೂ ಐತಿಹ್ಯವು ಹೇಳುತ್ತದೆ. 1972ರ ‘ನಾಗರಹಾವು’ ಚಲನಚಿತ್ರದಿಂದ, ಆಕೆ ಆ ಶತ್ರುಗಳ ಮೇಲೆತ್ತಿದ ಒನಕೆಯು ನಾಡಿನ ಕಣ್ಣಿನಲ್ಲಿ ನೆಲೆಯೂರಿತು. ಒನಕೆಯನ್ನು ಎತ್ತುವ ದೃಶ್ಯಕ್ಕೆ ನಮ್ಮ ರಂಗವೂ ಬೇಕಾದಷ್ಟು ಸಮಯವನ್ನು ಕೊಟ್ಟಿದೆ. ಆ ನಾಟಕವನ್ನು ಮತ್ತೆ ಬರೆಯುವವರು ಅದಕ್ಕೂ ಹಿಂದಿನ ಗಳಿಗೆಗೆ ಸಮಯ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಗಂಡನು ತಟ್ಟೆಯ ಮುಂದೆ ಕುಳಿತಿದ್ದಾನೆ. ಹಸಿವು, ಕಾವಲಿಗೆ ಮರಳುವ ಅವಸರ. ಆಕೆ ಮಡಕೆಯನ್ನು ಬಗ್ಗಿಸಿ ನೋಡುತ್ತಾಳೆ. ‘ನೀರಿಲ್ಲ, ಉಣ್ತಾ ಇರಿ, ಈಗ ತತ್ತೀನಿ’ ಎನ್ನುತ್ತಾಳೆ. ಅವನು ತಲೆಯೆತ್ತದೆ ‘ಹೂಂ’ ಎನ್ನುತ್ತಾನೆ. ಆಕೆ ಕೊಡವನ್ನು ಕಂಕುಳಿಗೇರಿಸಿ ಹೊಸ್ತಿಲು ದಾಟುತ್ತಾಳೆ. ಅವನು ಮುಂದಿನ ತುತ್ತನ್ನು ಮುರಿಯುತ್ತಾನೆ.